ಸಾಹೇಬರ ನಂಬರೇ ಪಟ್ಟಿಯಲ್ಲಿದ್ದ ಮೇಲೆ

ಕೊರೆಯಿಸದ ಕೊಳವೆಬಾವಿಗೆ ಬಿಲ್ ಪಾಸಾಗಿದೆ ಎಂಬ ದೂರಿನ ಬೆನ್ನುಹತ್ತಿ ಈ ವಾರ ಕೊರಟಗೆರೆ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಕಾಗದಪತ್ರ ತೋರಿಸುತ್ತೇನೆಂದು ಕರೆಸಿಕೊಂಡಿದ್ದ ನಿವೃತ್ತ ನೌಕರರು, ನಾನು ಕುಳಿತ ಕೂಡಲೇ ಅಡುಗೆಮನೆಯಿಂದ ರಾಗಿಹಿಟ್ಟಿನ ಸ್ಟೀಲ್ ಡಬ್ಬಿಯೊಂದನ್ನು ತಂದು, ತಮ್ಮ ಫೋನನ್ನು ಅದರೊಳಗಿಟ್ಟು, "ನಿಮ್ಮದನ್ನೂ ಕೊಡಿ ಸಾರ್" ಎಂದು ಕೈಚಾಚಿದರು. ಮುಚ್ಚಳವನ್ನು ಅಂಗೈಯಿಂದ ಅದುಮಿ, ಡಬ್ಬಿಯನ್ನು ಒಳಗೆ ಇಟ್ಟು ಬಂದ ಮೇಲೆಯೇ ಅವರು ಕಡತದ ದಾರ ಬಿಚ್ಚಿದ್ದು.

ಅವರ ಹೆದರಿಕೆ ಪೆಗಾಸಸ್‌ನದು, ಗುಟ್ಟಾಗಿ ಫೋನಿನೊಳಗೆ ಇಳಿದು ಬೇಹುಗಾರಿಕೆ ಮಾಡುವ ಕುತಂತ್ರಾಂಶದ್ದು. ಅಷ್ಟು ದುಬಾರಿ ತಂತ್ರಾಂಶವನ್ನು ಪಂಚಾಯಿತಿ ಮಟ್ಟದ ವಿಷಯಕ್ಕೆ ಯಾರೂ ಬಳಸಲಾರರು ಎಂದೆ. "ಸಾಹೇಬ್ರ ನಂಬರೇ ಪಟ್ಟೀಲಿತ್ತಲ್ಲ ಸಾರ್, ಇನ್ನು ನಮ್ಮದ್ಯಾವ ಲೆಕ್ಕ?" ಎಂದರು.

ಸಾಹೇಬರೆಂದರೆ ಕೊರಟಗೆರೆಯ ಶಾಸಕ ಜಿ. ಪರಮೇಶ್ವರ್. ಪೆಗಾಸಸ್ ಕುರಿತು 2021ರ ಜುಲೈನಲ್ಲಿ ಹಲವು ದೇಶಗಳ ಪತ್ರಕರ್ತರು ಕೂಡಿ ಹೊರತಂದ ವರದಿಗಳ ಪ್ರಕಾರ, 2019ರಲ್ಲಿ ಸಮ್ಮಿಶ್ರ ಸರ್ಕಾರ ಉರುಳುವ ಹೊತ್ತಿಗೆ ಉಪಮುಖ್ಯಮಂತ್ರಿಯಾಗಿದ್ದ ಅವರ ನಂಬರು, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಅವರ ಕಾರ್ಯದರ್ಶಿಗಳ ನಂಬರುಗಳ ಜೊತೆಗೆ, ಬೇಹುಗಾರಿಕೆಗೆ ಗುರುತಿಸಿದ್ದವೆನ್ನಲಾದ ನಂಬರುಗಳ ಸೋರಿಕೆಯಾದ ಪಟ್ಟಿಯಲ್ಲಿತ್ತು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಫೋನಿಗೆ ಕನ್ನ ಬಿದ್ದಿದೆ ಎಂದು ಹೇಳಲಾಗದು. ಆದರೆ ಆ ಹಿರಿಯರಿಗೆ ಅಷ್ಟು ಸಾಕಾಗಿತ್ತು, ಮತ್ತು ಅವರನ್ನು ಅತಿಯಾಗಿ ಹೆದರುವವರೆಂದು ನಾನು ಕರೆಯಲಾರೆ. ಸೇವೆಯುದ್ದಕ್ಕೂ ಒಂದು ಕಾಗದವನ್ನೂ ತಿದ್ದದ ನೇರ ಮನುಷ್ಯರೆಂದು ಊರವರೆಲ್ಲ ಹೇಳುವ ವ್ಯಕ್ತಿ ಅವರು.

ಪೆಗಾಸಸ್ ತಯಾರಿಸುವ ಇಸ್ರೇಲಿನ ಎನ್‌ಎಸ್‌ಒ ಗ್ರೂಪ್ ಶುರುವಾದದ್ದು 2010ರಲ್ಲಿ. ತಾನು ಸರ್ಕಾರಗಳಿಗಲ್ಲದೆ ಬೇರೆ ಯಾರಿಗೂ ಮಾರುವುದಿಲ್ಲ, ಅದೂ ಭಯೋತ್ಪಾದಕರನ್ನು ಮತ್ತು ಘೋರ ಅಪರಾಧಿಗಳನ್ನು ಹಿಡಿಯಲು ಮಾತ್ರ ಎಂಬುದು ಅದು ಮೊದಲಿನಿಂದಲೂ ಹೇಳುತ್ತ ಬಂದಿರುವ ಮಾತು. ನನ್ನನ್ನು ಹೆದರಿಸುವುದು ಇದೇ ಮಾತು. ಮನೆಗೆ ಕಳ್ಳ ನುಗ್ಗಿದರೆ ಠಾಣೆಗೆ ಹೋಗುತ್ತೇವೆ; ಠಾಣೆ ನಡೆಸುವವರೇ ಗಿರಾಕಿಗಳಾದಾಗ ದೂರನ್ನು ಯಾರಿಗೆ ಕೊಡುವುದು? 2019ರಲ್ಲಿ ವಾಟ್ಸಾಪ್ ಕರೆಯ ಮೂಲಕ, ಅದನ್ನು ಎತ್ತದಿದ್ದರೂ ಫೋನಿನೊಳಗೆ ಇಳಿಯುವಂತೆ, ಸುಮಾರು 1,400 ಜನರನ್ನು ಗುರಿ ಮಾಡಲಾಗಿತ್ತು; ಅವರಲ್ಲಿ ಭಾರತದ ವಕೀಲರು, ಮಾನವ ಹಕ್ಕುಗಳ ಹೋರಾಟಗಾರರು ಇದ್ದರು. ಒಮ್ಮೆ ಒಳಹೊಕ್ಕ ಪೆಗಾಸಸ್ ಸಂದೇಶಗಳನ್ನು ಓದಬಲ್ಲದು, ಮೈಕನ್ನೂ ಕ್ಯಾಮೆರಾವನ್ನೂ ತಾನೇ ಚಾಲೂ ಮಾಡಬಲ್ಲದು. ಡಬ್ಬಿಯ ಮುಚ್ಚಳ ಮೈಕಿಗೆ ಅಡ್ಡಿಯಾದೀತೇ ಹೊರತು, ಫೋನಿನಲ್ಲಿ ಈಗಾಗಲೇ ಇರುವ ಚಿತ್ರವನ್ನೋ ಸಂದೇಶವನ್ನೋ ಕಾಯಲಾರದು.

ಅವರು ಅದನ್ನೂ ಬಲ್ಲವರಂತೆ ಕಾಗದಗಳ ಫೋಟೊ ತೆಗೆಯಲು ಒಪ್ಪಲಿಲ್ಲ. ಬಿಲ್ ಸಂಖ್ಯೆ, ದಿನಾಂಕ, ಮೊತ್ತಗಳನ್ನು ನಾನು ಕೈಯಲ್ಲೇ ಬರೆದುಕೊಂಡೆ. "ನಮ್ಮದ್ಯಾವ ಲೆಕ್ಕ" ಎಂಬ ಅವರ ಮಾತು ತುಮಕೂರಿಗೆ ಮರಳುವ ಬಸ್ಸಿನಲ್ಲೂ, ಸುದ್ದಿ ಬರೆಯುವಾಗಲೂ ಕಾಡುತ್ತಿತ್ತು. ಅವರ ಫೋನಿನಲ್ಲಿ ಯಾವ ಕುತಂತ್ರಾಂಶವೂ ಇರಲಾರದು ಎಂದೇ ನಾನು ನಂಬಿದ್ದೇನೆ. ಆದರೂ ಒಬ್ಬ ನಾಗರಿಕ ತನ್ನ ಊರಿನ ನೀರಿನ ಹಣದ ಬಗ್ಗೆ ಮಾತಾಡಲು ತನ್ನದೇ ಪಡಸಾಲೆಯಲ್ಲಿ ಹಿಂಜರಿದರು. ಇಂಥ ಮಾಲು ಮಾರುವವರು ಬಿಲ್ ಹಾಕದೆಯೂ ಹಂಚಿಬಿಡುವುದು ಈ ಹಿಂಜರಿಕೆಯನ್ನೇ.

ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಉಸ್ತುವಾರಿಯಲ್ಲಿ ತಜ್ಞರ ಸಮಿತಿ ರಚಿಸಿತು. ಪರೀಕ್ಷೆಗೆ ಬಂದ 29 ಫೋನುಗಳ ಪೈಕಿ ಐದರಲ್ಲಿ ಯಾವುದೋ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲವೆಂದು ಸಮಿತಿ ಹೇಳಿರುವುದಾಗಿ ನ್ಯಾಯಾಲಯವೇ 2022ರ ಆಗಸ್ಟಿನಲ್ಲಿ ತಿಳಿಸಿತು. ಕೊಂಡಿದ್ದೀರಾ ಇಲ್ಲವೇ ಎಂಬ ನೇರ ಪ್ರಶ್ನೆಗೆ ಸರ್ಕಾರ ದೇಶದ ಭದ್ರತೆಯ ಹೆಸರಿನಲ್ಲಿ ಉತ್ತರ ಕೊಡಲಿಲ್ಲ. ಅತ್ತ ಅಮೆರಿಕದಲ್ಲಿ, ವಾಟ್ಸಾಪ್ ಹೂಡಿದ ಮೊಕದ್ದಮೆಯಲ್ಲಿ ಎನ್‌ಎಸ್‌ಒ ಹೊಣೆಗಾರನೆಂದು 2024ರ ಡಿಸೆಂಬರಿನಲ್ಲಿ ತೀರ್ಪಾಯಿತು. ಅಲ್ಲಿ ಗೆದ್ದದ್ದು ದೊಡ್ಡ ಕಂಪನಿ. ಇಲ್ಲಿಯ ನಾಗರಿಕನಿಗೆ ಅಂಥ ಕಟಕಟೆಯಿಲ್ಲ.

ನಮ್ಮಲ್ಲಿ ಫೋನ್ ಕದ್ದಾಲಿಕೆಗೆ ಅನುಮತಿ ಕೊಡುವವರು ಗೃಹ ಕಾರ್ಯದರ್ಶಿ, ಅದನ್ನು ಪರಿಶೀಲಿಸುವ ಸಮಿತಿಯಲ್ಲಿ ಕೂರುವವರೂ ಸರ್ಕಾರದ ಕಾರ್ಯದರ್ಶಿಗಳೇ. ಆ ಮೇಜಿನ ಸುತ್ತ ಒಬ್ಬ ನ್ಯಾಯಾಧೀಶರಾದರೂ ಇರಬೇಕೆಂದು, ಯಾರ ಫೋನಿಗೆ ಯಾವ ಕಾರಣಕ್ಕೆ ಕೈಹಾಕಲಾಯಿತೆಂಬುದು ನಿಗದಿತ ಅವಧಿಯ ನಂತರ ಆ ವ್ಯಕ್ತಿಗೆ ತಿಳಿಯಬೇಕೆಂದು ನಾವು ಕೇಳಬೇಕು. ಪಟ್ಟಿಯಲ್ಲಿ ತಮ್ಮದೇ ಸಹೋದ್ಯೋಗಿಗಳ ನಂಬರು ಕಂಡ ಜನಪ್ರತಿನಿಧಿಗಳಂತೂ ನಮಗಿಂತ ಮೊದಲೇ ಕೇಳಬೇಕಿತ್ತು.