ದರಕು ತಂದಾತಾ?

ನಮ್ಮ ಮನೆಗೂ ಆಚೆಮನೆಗೂ ಮಾತಿಲ್ಲದೆ ಹನ್ನೊಂದು ವರ್ಷ ಆಗಿತ್ತು. ಕಾರಣ ಕೇಳಿದರೆ ಶಿರಸಿ ಸೀಮೆಯವರು ಯಾರೂ ನಗುವುದಿಲ್ಲ, ಹೊರಗಿನವರು ನಗುತ್ತಾರೆ. ಒಣಗಿದ ಎಲೆ, ನಮ್ಮ ಕಡೆ ದರಕು ಅನ್ನುತ್ತೇವೆ. ಅದಕ್ಕೇ ಜಗಳ.

ನಮ್ಮಲ್ಲಿ ಅಡಿಕೆ ತೋಟ ಇದ್ದವರಿಗೆ ಸೊಪ್ಪಿನ ಬೆಟ್ಟ ಇರುತ್ತದೆ, ಎಕರೆ ತೋಟಕ್ಕೆ 9 ಎಕರೆವರೆಗೆ. ಸೊಪ್ಪು, ದರಕು ಎಲ್ಲ ಅಲ್ಲಿಂದಲೇ ಬರಬೇಕು, ಕೊಟ್ಟಿಗೆಗೆ ಹೋಗಬೇಕು, ಗೊಬ್ಬರ ಆಗಿ ಮರದ ಬುಡಕ್ಕೆ ಬೀಳಬೇಕು. ಜಾಗ ಸರ್ಕಾರದ್ದು, ಜಗಳ ಮಾತ್ರ ನಮ್ಮದು. ಒಂದು ವರ್ಷ ಆಚೆಮನೆಯವರ ಆಳುಗಳು ನಮ್ಮ ಗಡಿಯೊಳಗೆ ಬಂದು ದರಕು ಗುಡಿಸಿಕೊಂಡು ಹೋದರು ಅಂತ ಅಪ್ಪ ಹೇಳಿದ, ಗಡಿ ಅಲ್ಲಿರಲೇ ಇಲ್ಲ ಅಂತ ಅವರು ಹೇಳಿದರು. ಅಲ್ಲಿಗೆ ಮಾತು ನಿಂತಿತು. ಅವರ ಮನೆ ನಾಯಿ ಮಾತ್ರ ಎರಡೂ ಕಡೆ ಊಟ ಮಾಡಿಕೊಂಡಿತ್ತು.

2024ರ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಬಿಡುವ ಹಾಗಿಲ್ಲ. ಅಣ್ಣನ ಮಗಳು ಯುಪಿಎಸ್‌ಸಿಗೆ ಓದುತ್ತಿದ್ದಳು, ಅವಳನ್ನೂ ಎಬ್ಬಿಸಿಕೊಂಡು ಹೊರಟೆ. ಬಸ್ಸಿನಲ್ಲಿ ನಿಂತುಕೊಂಡೇ ಅವಳು ಬ್ರಜೇಶ್ ಮಿಶ್ರಾ ಬಗ್ಗೆ ಪಾಠ ಒಪ್ಪಿಸುತ್ತಿದ್ದಳು, ನಾನು ಅವಳ ನೋಟ್ಸ್ ಹಿಡಿದು ತಪ್ಪು ಹುಡುಕಬೇಕು. 1951ರಲ್ಲಿ ವಿದೇಶಾಂಗ ಸೇವೆ ಸೇರಿದವರು. ಅಪ್ಪ ಡಿ.ಪಿ. ಮಿಶ್ರಾ, ಮಧ್ಯಪ್ರದೇಶದ ಮುಖ್ಯಮಂತ್ರಿಯಾಗಿದ್ದ ಕಾಂಗ್ರೆಸ್ಸಿಗ. ಮಗ ಕೊನೆಗೆ ವಾಜಪೇಯಿಯವರ ಪ್ರಧಾನ ಕಾರ್ಯದರ್ಶಿ, 1998ರ ನವೆಂಬರಿನಿಂದ ದೇಶದ ಮೊದಲ ರಾಷ್ಟ್ರೀಯ ಭದ್ರತಾ ಸಲಹೆಗಾರ. ಎರಡೂ ಕುರ್ಚಿ ಒಬ್ಬರಿಗೇ ಯಾಕೆ ಅಂತ ಆಗಲೇ ಟೀಕೆ ಇತ್ತು. ನನಗೂ ಅದು ಸರಿ ಅನಿಸುವುದಿಲ್ಲ, ಇರಲಿ.

ನನಗೆ ಹಿಡಿಸಿದ್ದು ದೊಡ್ಡ ಹುದ್ದೆಗಳಲ್ಲ, 1970ರ ಮೇ 1ರ ಒಂದು ನಿಮಿಷ. ಆಗ ಮಿಶ್ರಾ ಬೀಜಿಂಗ್‌ನಲ್ಲಿ ಚಾರ್ಜ್ ಡಿ ಅಫೇರ್ಸ್. ರಾಯಭಾರಿ ಇಲ್ಲದಾಗ ಕಚೇರಿ ನೋಡಿಕೊಳ್ಳುವವರಿಗೆ ಹಾಗನ್ನುತ್ತಾರೆ. 1962ರ ಯುದ್ಧ ಆದಮೇಲೆ ಅಲ್ಲಿ ನಮ್ಮ ರಾಯಭಾರಿಯೇ ಇರಲಿಲ್ಲ. 1967ರಲ್ಲಂತೂ ಸಿಕ್ಕಿಂ ಗಡಿಯ ನಾಥು ಲಾದಲ್ಲಿ ಗುಂಡು ಹಾರಿತ್ತು. ಹೀಗಿರುವಾಗ ಮೇ ದಿನದಂದು ತಿಯಾನನ್ಮೆನ್‌ನಲ್ಲಿ ವಿದೇಶಿ ಪ್ರತಿನಿಧಿಗಳು ಸಾಲಾಗಿ ನಿಂತಿದ್ದಾರೆ, ಚೀನಾದ ನಾಯಕ ಮಾವೋ ಕೈಕುಲುಕುತ್ತಾ ಬರುತ್ತಿದ್ದಾರೆ. ಮಿಶ್ರಾ ಹತ್ತಿರ ಬಂದವರು ನಿಂತರು, ನಕ್ಕರು. ಹೀಗೇ ಜಗಳ ಆಡಿಕೊಂಡಿರಲು ಆಗುವುದಿಲ್ಲ, ಮತ್ತೆ ಸ್ನೇಹಿತರಾಗಬೇಕು ಅನ್ನುವ ಅರ್ಥದ ಮಾತಾಡಿದರು. ನಾವು ಇವತ್ತೇ ತಯಾರು ಅಂತ ಮಿಶ್ರಾ ಅಂದರು. ಅಷ್ಟೇ. ಮುಂದಿನವರ ಕೈ ಕುಲುಕಲು ಮಾವೋ ಹೊರಟುಹೋದರು.

ಜಾತ್ರೆ ನಡೆಯುವ ಬಿಡ್ಕಿಬೈಲಿನಲ್ಲಿ ದೇವಿಯ ಗದ್ದುಗೆ ಹತ್ತಿರ ಕಾಲಿಡಲು ಜಾಗ ಇರಲಿಲ್ಲ. ಹಣ್ಣುಕಾಯಿ ಮುಗಿಸಿ ಬಳೆ ಅಂಗಡಿ ಸಾಲಿಗೆ ಬಂದರೆ, ಎದುರಿಗೇ ಆಚೆಮನೆ ಯಜಮಾನರು! ತಪ್ಪಿಸಿಕೊಳ್ಳಲು ಎಡಕ್ಕೆ ಬಳೆ, ಬಲಕ್ಕೆ ಮಿಠಾಯಿ, ಹಿಂದೆ ಜನ. ಅವರು ನಿಂತರು. ನಕ್ಕರು. ಆಮೇಲೆ ಕೇಳಿದರು, 'ದರಕು ತಂದಾತಾ?'

ನೀವೇ ಹೇಳಿ, ಇದಕ್ಕೆ ಏನು ಅರ್ಥ? ಮಾರ್ಚ್ ತಿಂಗಳು, ದರಕು ತರುವ ಕಾಲ, ನಮ್ಮ ಕಡೆ ಯಾರು ಎದುರಾದರೂ ಕೇಳುವ ಮಾತೇ ಅದು. ಆದರೆ ಹನ್ನೊಂದು ವರ್ಷದ ಜಗಳವೂ ದರಕಿನದ್ದೇ ಅಲ್ವಾ! ಕುಶಲ ಕೇಳಿದ್ದೋ, ಚುಚ್ಚಿದ್ದೋ? ನಾನು 'ಹೂಂ, ಆತು' ಅಂದೆ. ನಿಜ ಹೇಳಬೇಕೆಂದರೆ ಇನ್ನೂ ಅರ್ಧವೂ ತಂದಿರಲಿಲ್ಲ. ಅವರು ತಲೆ ಆಡಿಸಿ ಜನರೊಳಗೆ ಹೋದರು.

ಹಿಂದಿನಿಂದ ಅಣ್ಣನ ಮಗಳು, 'ಅಪ್ಪಚ್ಚಿ, ಮಾವೋ ನಗೆ!' ಅಂದಳು.

ಇಲ್ಲಿಂದ ಮುಂದೆ ನಾನು ಮಾಡಿದ್ದು ಪೂರಾ ತಪ್ಪು. ಮಿಶ್ರಾ ಆ ದಿನ ಆಡಿದ ಮಾತನ್ನು ಆಡಿದ ಹಾಗೆ ದೆಹಲಿಗೆ ತಂತಿಯಲ್ಲಿ ಕಳಿಸಿದರು, ಹಾರಿ ಬೀಳಬೇಡಿ, ತೂಗಿ ನೋಡಿ ಅಂತಲೂ ಎಚ್ಚರಿಸಿದರು. ನಾನೋ, ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಜಗಲಿಯಲ್ಲಿ ಶುರು ಮಾಡಿದೆ. 'ಅವರೇ ಮಾತಾಡಿಸಿದರು' ಅಂದೆ. ಅದು ನಿಜ. 'ದರಕಿನ ವಿಷಯ ಎತ್ತಿದರು' ಅಂದೆ. ಅದೂ ನಿಜವೇ. 'ಮುಖ ಸ್ವಲ್ಪ ಸಣ್ಣ ಆಗಿತ್ತು' ಅಂತ ಒಂದು ಸೇರಿಸಿದೆ. ಅದು ನನ್ನದೇ ಒಗ್ಗರಣೆ. ಸಂಜೆಯ ಹೊತ್ತಿಗೆ ಅತ್ತಿಗೆ ಫೋನಿನಲ್ಲಿ ತವರಿಗೆ ಹೇಳುವಾಗ ಅದು 'ತಪ್ಪಾಯ್ತು ಅಂದರಂತೆ' ಆಗಿತ್ತು. ಮೂರನೇ ದಿನ ಸೊಸೈಟಿಯಲ್ಲಿ ಅಡಿಕೆ ಹಾಕಲು ಬಂದ ಒಬ್ಬರು ಅಪ್ಪನ ಬೆನ್ನು ತಟ್ಟಿ, 'ಅಂತೂ ಕಾಲಿಗೆ ಬಿದ್ದರಂತಲ್ಲ' ಅಂದರಂತೆ. ಅದು ಆಚೆಮನೆಗೆ ತಲುಪದೆ ಇರುತ್ತದೆಯೇ? ಆ ವಾರವೇ ಅವರ ಕಡೆ ಉಣಗೋಲಿಗೆ, ಅಂದರೆ ಬೇಲಿಯಲ್ಲಿ ಗಳು ಸರಿಸಿ ದಾಟುವ ಜಾಗಕ್ಕೆ, ಮುಳ್ಳು ಬಿತ್ತು. ನಾಯಿಯನ್ನೂ ಕಟ್ಟಿಹಾಕಿದರು, ಪಾಪ.

ಅಣ್ಣನ ಮಗಳು ಬೈಯಲಿಲ್ಲ, ಅದು ಇನ್ನೂ ಕಷ್ಟ ಆಯಿತು. ಸುಮ್ನೆ ನೋಟ್ಸ್ ತಂದು ತೋರಿಸಿದಳು. ದೆಹಲಿಯಲ್ಲೂ ಆ ಸುದ್ದಿ ಹೊರಗೆ ಬಿದ್ದು, ಪತ್ರಿಕೆಗಳಲ್ಲಿ 'ಮಾವೋ ನಗೆ' ಅಂತಲೇ ಹೆಸರಾಗಿತ್ತು. ಮುಂದಿನ ವರ್ಷ ಸೋವಿಯತ್ ಒಪ್ಪಂದ, ಬಾಂಗ್ಲಾ ಯುದ್ಧ, ಎಲ್ಲ ಬಂದು ಆ ನಗೆ ಹಾಗೇ ಉಳಿಯಿತು. ಕೆ.ಆರ್. ನಾರಾಯಣನ್ ರಾಯಭಾರಿಯಾಗಿ ಬೀಜಿಂಗ್‌ಗೆ ಹೋಗಿದ್ದು 1976ರಲ್ಲಿ. ಒಂದು ನಗೆಗೆ ಆರು ವರ್ಷ!

ಮಿಶ್ರಾ ಅಷ್ಟರಲ್ಲಿ ಬೇರೆ ಊರುಗಳಿಗೆ ಹೋದರು. 1980ರ ಜನವರಿಯಲ್ಲಿ ವಿಶ್ವಸಂಸ್ಥೆಯಲ್ಲಿ ಅಫ್ಘಾನಿಸ್ತಾನದ ಬಗ್ಗೆ ಸೋವಿಯತ್ತರಿಗೆ ನೋವಾಗದಂಥ ಭಾಷಣ ಓದಬೇಕಾಗಿ ಬಂದಿದ್ದೂ ಅವರಿಗೇ. ಆಮೇಲೆ ನಮೀಬಿಯಾಕ್ಕೆ ವಿಶ್ವಸಂಸ್ಥೆಯ ಕಮಿಷನರ್. ನಾನು ಪುಟ ತಿರುವಿ ತಿರುವಿ ಓದಿದ್ದು 2003ರ ಜೂನ್. ವಾಜಪೇಯಿ ಬೀಜಿಂಗ್‌ಗೆ ಹೋದಾಗ, ಗಡಿ ಬಗ್ಗೆ ಮಾತಾಡಲು ಎರಡೂ ಕಡೆ ಒಬ್ಬೊಬ್ಬ ವಿಶೇಷ ಪ್ರತಿನಿಧಿ ಅಂತ ತೀರ್ಮಾನ ಆಯಿತು. ಚೀನಾ ಕಡೆಯಿಂದ ದಾಯ್ ಬಿಂಗ್ವೊ. ನಮ್ಮ ಕಡೆಯಿಂದ ಯಾರು? ಅದೇ ಮಿಶ್ರಾ. ಮೂವತ್ಮೂರು ವರ್ಷದ ಹಿಂದೆ ಸಾಲಿನಲ್ಲಿ ನಿಂತು ಕೈಕುಲುಕಿಸಿಕೊಂಡ ಮನುಷ್ಯ, ಎಪ್ಪತ್ನಾಲ್ಕರ ವಯಸ್ಸಿನಲ್ಲಿ ಮತ್ತೆ ಅದೇ ಗಡಿಯ ಮಾತಿಗೆ ಕೂತರು. ಅವರು 2012ರಲ್ಲಿ ತೀರಿಕೊಂಡರು. ಆ ಮಾತುಕತೆ 2024ರ ಡಿಸೆಂಬರಿನಲ್ಲಿ 23ನೇ ಸುತ್ತಿಗೆ ಬಂದಿತ್ತು, ಗಡಿ ಇನ್ನೂ ಗುರುತಾಗಿಲ್ಲ.

ನಮ್ಮ ಬೆಟ್ಟದ ಗಡಿಯೂ ಅಷ್ಟೇ. ಮುಂದಿನ ಮಳೆಗಾಲ ಪೂರ್ತಿ ನಾನು ಬಾಯಿ ಬಿಡಲಿಲ್ಲ. ಯಾರಾದರೂ ಕೇಳಿದರೆ, 'ದರಕು ತಂದಾತಾ ಕೇಳಿದರು, ಆತು ಅಂದೆ, ಮತ್ತೇನೂ ಇಲ್ಲ' ಅಂತ ಅಷ್ಟನ್ನೇ ಹೇಳಿದೆ. ಎಷ್ಟು ಜನರಿಗೆ ಹೇಳಿದೆನೋ ಲೆಕ್ಕ ಇಲ್ಲ. ಚಳಿಗಾಲದ ಹೊತ್ತಿಗೆ ಉಣಗೋಲಿನ ಮುಳ್ಳು ಒಣಗಿ ಬಿತ್ತು, ಹೊಸದು ಹಾಕಲಿಲ್ಲ.

2025ರ ಮೇನಲ್ಲಿ ಒಂದು ಕಾಗದ ಬಂತು. ಆಚೆಮನೆ ಮೊಮ್ಮಗನ ಉಪನಯನ. ಕೂಗಿದರೆ ಕೇಳುವ ಮನೆಯಿಂದ, ಶಿರಸಿಗೆ ಹೋಗಿ ಮುದ್ರೆ ಹೊಡೆಸಿಕೊಂಡು, ಅಂಚೆಯಲ್ಲಿ ಬಂದಿತ್ತು. ಅಪ್ಪ ಕನ್ನಡಕ ಹಾಕಿ ಮುಂದೆ ಓದಿದ, ಹಿಂದೆ ತಿರುಗಿಸಿ ನೋಡಿದ, ಹೆಸರು ಕೈಯಲ್ಲಿ ಬರೆದಿದ್ದಾರೋ ಅಚ್ಚು ಹಾಕಿಸಿದ್ದಾರೋ ಅಂತ ಬೆಳಕಿಗೆ ಹಿಡಿದ. ಕೈಯಲ್ಲೇ ಬರೆದಿದ್ದರು.

'ನಾನಂತೂ ಹೋಗುವುದಿಲ್ಲ' ಅಂದ. ಸ್ವಲ್ಪ ಹೊತ್ತು ಕವಳ ಅಗಿದ. 'ಮನೆಯಿಂದ ಯಾರಾದರೂ ಒಬ್ಬರು ಹೋಗಬೇಕಪ್ಪ.'

ಒಳಗಿನಿಂದ ಅಣ್ಣನ ಮಗಳು ಕೂಗಿದಳು, 'ರಾಯಭಾರಿ ಬೇಡ ಅಜ್ಜ, ಸದ್ಯಕ್ಕೆ ಚಾರ್ಜ್ ಡಿ ಅಫೇರ್ಸ್ ಕಳಿಸು.'

ನಾನು ಪಂಚೆ ಹುಡುಕಲು ಎದ್ದೆ.