ಬಿ.ಎ. ಹುಡುಗಿ ಕೇಳಿದ ಪ್ರಶ್ನೆ

ಇವತ್ತು ಬೆಳಿಗ್ಗೆ ಓಣಿಯವರೆಲ್ಲ ಸೇರಿ ನೀರಿನ ಮೀಟಿಂಗ್ ಮಾಡಿದೆವು. ಧಾರವಾಡದಲ್ಲಿ ನೀರು ಅಂದ್ರೆ ಗೊತ್ತಲ್ಲ, ಬಂದ ದಿನವೇ ಹಬ್ಬ.

ಇಂಜಿನಿಯರ್ ಮಂದಿ ಜಾಸ್ತಿ ಇದ್ದರು, ಹಾಗಾಗಿ ತಾಸುಗಟ್ಟಲೆ ಬರೀ ಮೋಟಾರು, ಪೈಪು, ಟ್ಯಾಂಕಿನ ಮಾತು. ಮೂಲೆಯಲ್ಲಿ ಕೂತಿದ್ದ ಬಿ.ಎ. ಓದೋ ಹುಡುಗಿ ಮಾತ್ರ ಮನೆಗೆಲಸದ ಅಕ್ಕನನ್ನು ಕೇಳಿದಳು, "ಅಕ್ಕಾ, ನಳ ಬರೂ ಹೊತ್ತಿಗೆ ನೀವು ಮನ್ಯಾಗ ಇರ್ತೀರೇನು?"

ಇರೋದಿಲ್ಲವಂತೆ. ಓಣಿಯ ಕೊನೆಯ ಮನೆಗಳವರೆಲ್ಲ ಆಗ ಕೆಲಸಕ್ಕೆ ಹೋಗಿರ್ತಾರೆ. ಹೊಸ ಪೈಪ್ ಹಾಕಿಸಿದರೂ ಅವರ ಕೊಡ ಖಾಲಿಯೇ. ಬೇಕಾಗಿದ್ದದ್ದು ನೀರು ಬಿಡೋ ಟೈಮ್ ಬದಲಾಗೋದು.

ಆರ್ಟ್ಸ್ ಅಂದ್ರೆ ಮಾರ್ಕ್ಸ್ ಕಡಿಮೆ ಬಂದವರು ಹೋಗೋದು ಅಂತ ನಾವೇ ಹೇಳ್ಕೊಂಡು ಬಂದಿದ್ದೀವಿ. ಇದೇ ಊರಿನ ಕರ್ನಾಟಕ ಕಾಲೇಜಿನಲ್ಲಿ ಗಿರೀಶ ಕಾರ್ನಾಡರು 1958ರಲ್ಲಿ ಬಿ.ಎ. ಮುಗಿಸಿದರು, ಅದೂ ಗಣಿತ ತಗೊಂಡು. ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ತತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಮೂರನ್ನೂ ಒಟ್ಟಿಗೆ ಓದಿ, ಅಲ್ಲಿನ ಹೆಸರಾಂತ ಚರ್ಚಾಕೂಟ ಆಕ್ಸ್‌ಫರ್ಡ್ ಯೂನಿಯನ್‌ಗೆ ಅಧ್ಯಕ್ಷರಾದರು. 1974ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ನಡೆಸೋಕೆ ಹೋದಾಗ ಇನ್ನೂ ನಲವತ್ತು ತುಂಬಿರಲಿಲ್ಲ.

ಬಿ.ಎ. ಮಾಡಿದವರೆಲ್ಲ ನಾಯಕರಾಗ್ತಾರೆ ಅಂತಲ್ಲ, ಸುಮ್ನೆ ಹಾಜರಿ ಹಾಕಿ ಬಂದವರೂ ಬೇಕಾದಷ್ಟಿದ್ದಾರೆ. ಆದ್ರೆ ನಾಲ್ಕು ಮಂದಿಯನ್ನು ನಡೆಸೋರಿಗೆ, ಆ ಮಂದಿ ಹೇಗೆ ಬದುಕ್ತಾರೆ ಅನ್ನೋದು ಗೊತ್ತಿರಬೇಕಲ್ವಾ? ಸಮಾಜಶಾಸ್ತ್ರದ ಕ್ಲಾಸಿನಲ್ಲಿ ಕೇಳೋದೇ ಅದನ್ನ.

ಕೆಲಸ ಸಿಗತ್ತಾ ಅನ್ನೋ ಅಪ್ಪ ಅಮ್ಮಂದಿರ ಚಿಂತೆ ಸುಳ್ಳಲ್ಲ. ನಮ್ಮ ಆಫೀಸಿನ ಜಾಹೀರಾತಲ್ಲೂ "ಬಿ.ಇ. ಮಾತ್ರ" ಅಂತಲೇ ಇದೆ. ನಾಳೆ ಮ್ಯಾನೇಜರ್ ಹತ್ರ ಆ "ಮಾತ್ರ" ತೆಗೆಸೋಕೆ ಆಗತ್ತಾ ನೋಡ್ಬೇಕು.