ಸೆಕ್ಷನ್ನಿನ ಮರ

9 ಮಾರ್ಚ್ 2025, ಭಾನುವಾರ, ರಾತ್ರಿ 10:40

ಕಾಲು ನೋಯುತ್ತಿದೆ. ನನಗೇ ಇಷ್ಟು ನೋವಿದ್ದರೆ ಅಪ್ಪನಿಗೆ ಎಷ್ಟಿರಬೇಡ. ಊಟದ ಹೊತ್ತಲ್ಲಿ ಒಂದು ಮಾತೂ ಆಡಲಿಲ್ಲ ಅವರು. ಮಜ್ಜಿಗೆ ಅನ್ನ ಕಲಸಿಕೊಂಡು ಏನೋ ಲೆಕ್ಕ ಹಾಕುತ್ತಾ ಕೂತಿದ್ದರು. ಏನು ಲೆಕ್ಕ ಅಂತ ಆಮೇಲೆ ಗೊತ್ತಾಯಿತು.

ಹದಿನೈದು ದಿನದಿಂದ ಅಪ್ಪನದು ಒಂದೇ ಹಠ. ಕಬ್ಬನ್ ಪಾರ್ಕಿಗೆ ಹೋಗಬೇಕು. ಮಂಡಿ ಆಪರೇಷನ್ ಆಗಿ ಐದು ತಿಂಗಳಾಯಿತು, ಮನೆ ಪಕ್ಕದ ಪಾರ್ಕಿನಲ್ಲಿ ದಿನಾ ಎರಡು ಸುತ್ತು ಹಾಕುತ್ತಾರೆ, ಡಾಕ್ಟರೂ ಇನ್ನೇನು ತೊಂದರೆ ಇಲ್ಲ ಅಂದಿದ್ದಾರೆ. "ಇಲ್ಲೇ ಪಾರ್ಕಿದೆಯಲ್ಲ ಅಪ್ಪ, ಅಷ್ಟು ದೂರ ಯಾಕೆ?" ಅಂದೆ. "ಇದು ಪಾರ್ಕಲ್ಲ ಕಣೆ. ಇದು ರೌಂಡ್ ಹೊಡೆಯೋ ಜಾಗ" ಅಂದರು. ಅಮ್ಮ ಒಳಗಿಂದ, "ಕರ್ಕೊಂಡು ಹೋಗೇ ಬಾ, ದಿನಾ ಇದನ್ನೇ ಕೇಳಿ ಕೇಳಿ ನಂಗೆ ಸಾಕಾಗಿದೆ" ಅಂದಳು.

ಮೆಟ್ರೋದಲ್ಲಿ ಹೋಗಿ ವಿಧಾನಸೌಧದಲ್ಲಿ ಇಳಿದೆವು. ಅಪ್ಪ ಲಿಫ್ಟಿನಿಂದ ಹೊರಗೆ ಬಂದವರೇ ಸರ್ಕಾರಿ ಕಚೇರಿಗಳಿರುವ ಎಂ.ಎಸ್. ಬಿಲ್ಡಿಂಗ್ ಕಡೆ ತಿರುಗಿ ಒಂದು ನಿಮಿಷ ಸುಮ್ಮನೆ ನಿಂತರು. ಮೂವತ್ತೊಂದು ವರ್ಷ ಅಲ್ಲಿ ಟಪಾಲು ಸೆಕ್ಷನ್ನಿನಲ್ಲಿ ಇದ್ದವರು. ಆಮೇಲೆ ಅಠಾರಾ ಕಚೇರಿ, ಅಂದ್ರೆ ಹೈಕೋರ್ಟ್ ಕಡೆ ನೋಡಿ, "ಅಲ್ಲಿ ಕುದುರೆ ಮೇಲೆ ಕೂತಿದ್ನಲ್ಲ, ಅವನೆಲ್ಲಿ?" ಅಂದರು. ಹೈಕೋರ್ಟ್ ಮುಂದಿದ್ದ ಮಾರ್ಕ್ ಕಬ್ಬನ್ ಪ್ರತಿಮೆ. 2020ರಲ್ಲಿ ಪಾರ್ಕಿನ ಒಳಗೆ ತಂದಿಟ್ಟರು ಅಂತ ಹೇಳಿದೆ. ಅಂದ್ರೆ ಅಪ್ಪ ಈ ಕಡೆ ಬಂದು ಹತ್ತಿರ ಹತ್ತಿರ ಐದು ವರ್ಷವಾದರೂ ಆಗಿದೆ. ನಾವು ಒಂದೇ ಊರಲ್ಲಿ ಇದ್ದೀವಿ, ನಾನು ವಾರಕ್ಕೆ ಐದು ದಿನ ಇದೇ ಲೈನಿನ ಮೆಟ್ರೋದಲ್ಲಿ ಓಡಾಡುತ್ತೇನೆ, ಒಂದು ಸಲವೂ ಬನ್ನಿ ಅಪ್ಪ ಹೋಗೋಣ ಅಂತ ನಾನಾಗಿ ಕರೆದಿರಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತೆ.

ಭಾನುವಾರ ಪಾರ್ಕಿನ ಒಳಗೆ ಗಾಡಿ ಬಿಡಲ್ಲ. ಹಾಗಾಗಿ ಗೇಟಿನಿಂದಲೇ ನಡಿಗೆ. ರಸ್ತೆ ತುಂಬಾ ಮಕ್ಕಳ ಸೈಕಲ್ಲು, ಸ್ಕೇಟಿಂಗು, ನಾಯಿ ಹಿಡಿದುಕೊಂಡವರು, ಚಾಪೆ ಹಾಸಿ ಯೋಗ ಮಾಡುವವರು. ಹಾರ್ನ್ ಸದ್ದೇ ಇಲ್ಲ. ಹಕ್ಕಿ ಕೂಗೋದು ಕೇಳುತ್ತೆ. ಈ ನಿಯಮ ತಂದಾಗ ನಾನು ಎಷ್ಟು ಖುಷಿಪಟ್ಟಿದ್ದೆ ಅಂದ್ರೆ, ಆಫೀಸಿನಲ್ಲಿ ಇದರ ಬಗ್ಗೆ ಜಗಳ ಕೂಡ ಆಡಿದ್ದೆ. ಕೊರೋನಾ ಕಾಲದಲ್ಲಿ ಕೆಲವು ತಿಂಗಳು ಗಾಡಿಗಳು ಪೂರ್ತಿ ನಿಂತಿದ್ದವಲ್ಲ, ಹಾಗೇ ಇರಲಿ ಅಂತ ಸಹಿ ಕೂಡ ಹಾಕಿದ್ದೆ. ಇವತ್ತು ಅಪ್ಪನ ಕೋಲಿನ ಲೆಕ್ಕದಲ್ಲಿ ನಡೆದಾಗ ಅದೇ ರಸ್ತೆ ಬೇರೆ ಥರ ಉದ್ದವಾಗಿ ಕಂಡಿತು. ನೂರು ಹೆಜ್ಜೆ, ಒಂದು ಬೆಂಚು. ಬೆಂಚಿಲ್ಲದ ಕಡೆ ನನ್ನ ಭುಜ. ಇದು ತಪ್ಪು ಅಂತ ಹೇಳ್ತಿಲ್ಲ, ಗಾಡಿ ಬೇಡವೇ ಬೇಡ. ಆದರೆ ನಡೆಯಲಾಗದ ಮುದುಕರು ಬರುವುದು ಹೇಗೆ ಅಂತ ಸಹಿ ಹಾಕುವಾಗ ನನಗೆ ಹೊಳೆದೇ ಇರಲಿಲ್ಲ.

ಮೊದಲ ಬೆಂಚಿನಲ್ಲಿ ಅಪ್ಪನಿಗೆ ಉಸಿರು ಬಂದ ಮೇಲೆ ಮಾತು ಶುರುವಾಯಿತು. ಕಬ್ಬನ್ ಸಾಹೇಬ ಈ ಪಾರ್ಕನ್ನು ನೋಡೇ ಇಲ್ಲವಂತೆ. 1834ರಿಂದ 1861ರವರೆಗೆ ಇಲ್ಲಿ ಕಮಿಷನರ್ ಆಗಿದ್ದ, ಊರಿಗೆ ಹೊರಟವನು ಸೂಯೆಜ್ ಹತ್ತಿರ ಅದೇ ವರ್ಷ ತೀರಿಕೊಂಡ. ಪಾರ್ಕ್ ಆಗಿದ್ದು 1870ರಲ್ಲಿ. ಮಾಡಿಸಿದ ಇಂಜಿನಿಯರ್ ರಿಚರ್ಡ್ ಸ್ಯಾಂಕಿ, ನಮ್ಮ ಸ್ಯಾಂಕಿ ಕೆರೆಯವನು. ಆಗ ಕಮಿಷನರ್ ಆಗಿದ್ದವನು ಮೀಡ್, ಹಾಗಾಗಿ ಮೊದಲ ಹೆಸರು ಮೀಡ್ಸ್ ಪಾರ್ಕ್. 1927ರಲ್ಲಿ ನಾಲ್ವಡಿಯವರ ಆಳ್ವಿಕೆಗೆ 25 ವರ್ಷ ತುಂಬಿದಾಗ ಅವರ ತಂದೆಯ ಹೆಸರಿಟ್ಟು ಶ್ರೀ ಚಾಮರಾಜೇಂದ್ರ ಉದ್ಯಾನವನ ಅಂತ ಮಾಡಿದರು. "ಟಪಾಲಿನ ಮೇಲೆ ನಾನು ಯಾವತ್ತೂ ಚಾಮರಾಜೇಂದ್ರ ಉದ್ಯಾನವನ ಅಂತಲೇ ಬರೀತಿದ್ದೆ" ಅಂದರು ಅಪ್ಪ. "ಮನೇಲಿ ಕಬ್ಬನ್ ಪಾರ್ಕು ಅಂತಿದ್ದೆ. ಕಾಗದಕ್ಕೆ ಒಂದು ಹೆಸರು, ಬಾಯಿಗೆ ಒಂದು ಹೆಸರು."

ಎರಡನೇ ಬೆಂಚಿನಲ್ಲಿ ವಿಷಯ ಹೊರಗೆ ಬಂತು. ಅಪ್ಪ ಬಂದಿದ್ದು ಪಾರ್ಕ್ ನೋಡೋಕಲ್ಲ. ಒಂದು ಮರ ನೋಡೋಕೆ.

ಒಂದೊಂದು ಸೆಕ್ಷನ್ನಿಗೆ ಒಂದೊಂದು ಮರ ಇತ್ತಂತೆ. ಯಾರೂ ಹಂಚಿದ್ದಲ್ಲ. ಹೇಗೋ ಹಾಗೆ ಆಗಿಹೋಗಿತ್ತು. ಅಕೌಂಟ್ಸ್‌ನವರು ಬಿದಿರು ಮೆಳೆ ಕಡೆ, ಟಪಾಲಿನವರು ಒಂದು ದೊಡ್ಡ ಮಳೆಮರದ ಕೆಳಗೆ. ಮಧ್ಯಾಹ್ನ ಡಬ್ಬಿ ಎತ್ತಿಕೊಂಡು ರಸ್ತೆ ದಾಟಿದರೆ ಅದೇ ಊಟದ ಮನೆ. ಉಂಡು, ಹಳೇ ಪೇಪರ್ ಹಾಸಿಕೊಂಡು ಹದಿನೈದು ನಿಮಿಷ ನಿದ್ದೆ. ತಿಂಗಳ ಮೊದಲ ವಾರ ಅಲ್ಲೇ ಚೀಟಿ ಎತ್ತುತ್ತಿದ್ದರು. ನನ್ನ ಸ್ಕೂಲ್ ಫೀಸ್ ಕಟ್ಟಿದ್ದು ಆ ಚೀಟಿ ದುಡ್ಡಲ್ಲಿ ಅಂತ ಇವತ್ತು ಗೊತ್ತಾಯಿತು. ಇಲಾಖಾ ಪರೀಕ್ಷೆಗೆ ಓದಿದ್ದು ಅಲ್ಲಿ. ಸೆಕ್ಷನ್ನಿನ ಒಬ್ಬ ಗುಮಾಸ್ತರ ಮಗಳಿಗೆ ಗಂಡು ಗೊತ್ತಾಗಿದ್ದೂ ಅಲ್ಲಿ, ಫೋಟೋ ಕೈಯಿಂದ ಕೈಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಅದರ ಮೇಲೆ ಉಪ್ಪಿನಕಾಯಿ ಎಣ್ಣೆ ಬಿದ್ದಿತ್ತಂತೆ. ಅದನ್ನು ಒರೆಸಿದ್ದು ಅಪ್ಪ.

ನಾನು ಚಿಕ್ಕವಳಿದ್ದಾಗ ಇಲ್ಲಿಗೆ ಬರುತ್ತಿದ್ದುದು ಬಾಲಭವನಕ್ಕೆ. ಪುಟಾಣಿ ರೈಲು, ಮೆಕ್ಕೆಜೋಳ, ಮುಗೀತು. ಅಪ್ಪನಿಗೆ ಇಲ್ಲಿ ಒಂದು ಮರ ಇತ್ತು ಅಂತ ನನಗೆ ಯಾರೂ ಹೇಳಿರಲಿಲ್ಲ.

1998ರ ಗಲಾಟೆ ಬಗ್ಗೆ ಕೇಳಿದೆ. ಪಾರ್ಕಿನ ಒಂದಷ್ಟು ಜಾಗವನ್ನು ಪಾರ್ಕಿನ ಲೆಕ್ಕದಿಂದ ಬಿಡಿಸುವ ಮಾತು ಬಂದಾಗ ಊರಿನ ಜನ ಬೀದಿಗೆ ಇಳಿದಿದ್ದರಲ್ಲ, ಆಗ. ಇಂಥ ಪಾರ್ಕುಗಳನ್ನು ಕಾಪಾಡೋಕೆ ಅಂತಲೇ 1975ರಲ್ಲಿ ಕಾನೂನು ಮಾಡಿದ್ದ ರಾಜ್ಯ ನಮ್ಮದು, ಆದರೂ ಜನ ಬಂದು ನಿಲ್ಲಬೇಕಾಯಿತು. "ನೀವು ಹೋಗಿದ್ರಾ?" ಅಂದೆ. ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು. "ಸರ್ಕಾರಿ ನೌಕರ. ಹೇಗೆ ಹೋಗ್ಲಿ?" ಅಂದರು. ಆಮೇಲೆ, "ಡಬ್ಬಿ ತಗೊಂಡು ಹೋಗಿ ನಮ್ಮ ಮರದ ಕೆಳಗೆ ಕೂತಿದ್ದೆ. ಎಲ್ಲರೂ ಕೂತಿದ್ವಿ. ಎರಡೂವರೆ ಆದ್ರೂ ಎದ್ದು ಹೋಗ್ಲಿಲ್ಲ. ಅಷ್ಟೇ ನಾವು ಮಾಡಿದ್ದು." ಅಷ್ಟೇ ಅಂತ ಅವರು ಹೇಳಿದ್ದು. ನನಗೆ ಹಾಗನ್ನಿಸಲಿಲ್ಲ. ಏನು ಹೇಳಬೇಕೋ ಗೊತ್ತಾಗದೆ ನೀರಿನ ಬಾಟಲಿ ಕೊಟ್ಟೆ.

ಮುಂದೆ ಹೋದರೆ ದಾರಿ ಪೂರ್ತಿ ಹೊಸದು. ಕಲ್ಲು ಹಾಸಿದ್ದಾರೆ, ಒರಗಿಕೊಳ್ಳುವ ಬೆಂಚುಗಳು, ಸಾಲಾಗಿ ದೀಪ. ನವೀಕರಣ ಎಲ್ಲಾ ಕೆಟ್ಟದ್ದು ಅನ್ನುವವಳಲ್ಲ ನಾನು. ಬೆಂಚಿಗೆ ಬೆನ್ನು ಇದ್ದಿದ್ದಕ್ಕೆ ಅಪ್ಪ ಇವತ್ತು ಅಷ್ಟು ದೂರ ಬಂದರು. ಸಂಜೆ ಹೊತ್ತು ದೀಪ ಇದ್ದರೆ ಒಬ್ಬಳೇ ನಡೆಯುವಾಗ ಧೈರ್ಯ, ಅದು ಹೆಣ್ಣುಮಕ್ಕಳಿಗೆ ಗೊತ್ತು. ಆದರೆ ಒಂದು ಕಡೆ ಮರದ ಬುಡಕ್ಕೇ ಅಂಟಿದ ಹಾಗೆ ಕಲ್ಲು ಕೂರಿಸಿ ಸಂದಿಗೆ ಸಿಮೆಂಟ್ ಮೆತ್ತಿದ್ದರು. ಬೇರು ಕೆಳಗಿಂದ ಒತ್ತಿ ಎರಡು ಕಲ್ಲನ್ನು ಎತ್ತಿಬಿಟ್ಟಿತ್ತು. ಒಂದರ ಅಂಚು ನಾಲ್ಕು ಬೆರಳು ಮೇಲೆ. ಅಪ್ಪನ ಕೋಲಿನ ತುದಿ ಸರಿಯಾಗಿ ಅದೇ ಸಂದಿಯಲ್ಲಿ ಸಿಕ್ಕಿಕೊಂಡಿತು. ನನ್ನ ಎದೆ ಧಸಕ್ಕೆಂದಿತು. ತೋಳು ಹಿಡಿದೆ, ಬೀಳಲಿಲ್ಲ.

"ಯಜಮಾನ್ರೇ, ನಿಧಾನ. ಆ ಕಲ್ಲು ಎದ್ದೈತೆ" ಅಂತ ಎಲೆ ಗುಡಿಸುತ್ತಿದ್ದ ಅಮ್ಮ ಒಬ್ಬರು ಓಡಿಬಂದರು. ಕಡ್ಡಿ ಪೊರಕೆಯನ್ನು ಉದ್ದ ಬೊಂಬಿಗೆ ಕಟ್ಟಿಕೊಂಡಿದ್ದರು. ಇನ್ನೂ ಒಂಬತ್ತು ಗಂಟೆ, ಆಗಲೇ ನಾಲ್ಕು ರಾಶಿ ಎಲೆ.

ಅಪ್ಪ ಸಾವರಿಸಿಕೊಂಡು, "ಏನಮ್ಮಾ, ಮೊದಲು ಇಲ್ಲೆಲ್ಲ ಮಣ್ಣೇ ಇತ್ತಲ್ಲ?" ಅಂದರು.

"ಮಣ್ಣೇ ಇತ್ತು ಸಾಮಿ. ಮಳೆ ಬಂದ್ರೆ ಕೆಸರಾಗ್ತದೆ, ಜನ ಬೈತಾರೆ ಅಂತ ಕಲ್ಲು ಹಾಕವ್ರೆ. ಕೆಸರಿಲ್ಲ ಈಗ. ಮರಕ್ಕೆ ನೀರೂ ಇಲ್ಲ." ಪೊರಕೆ ಹಿಡಿಯಿಂದ ಕಲ್ಲಿನ ಮೇಲೆ ಟಕ್ ಟಕ್ ಬಡಿದು ತೋರಿಸಿದರು. "ನೋಡಿ, ಬಿದ್ದ ನೀರೆಲ್ಲ ಹಿಂಗೆ ಜಾರ್ಕೊಂಡು ರೋಡಿಗೆ ಹೋಯ್ತದೆ. ಬೇರು ಉಸಿರಾಡ್ಬೇಕಲ್ಲ, ಅದಕ್ಕೇ ಮೇಲಕ್ಕೆ ಬರ್ತದೆ. ಜನ ಎಡವ್ತಾರೆ. ಎಡವಿದ್ರೆ ಮತ್ತೆ ಬೇರು ಕೊಯ್ತಾರೆ. ಬೇರು ಕೊಯ್ದ ಮರ ಗಾಳಿಗೆ ನಿಲ್ತದಾ?"

"ಎಲೆ ಏನ್ ಮಾಡ್ತೀರಿ?"

"ಗುಂಡಿಗೆ ಹಾಕಿ ಗೊಬ್ಬರ ಮಾಡ್ತೀವಿ. ಅದು ಒಳ್ಳೇದೇ. ಆದ್ರೂ ಬುಡದಾಗೇ ಬಿಟ್ರೆ ಅಲ್ಲೇ ಗೊಬ್ಬರ ಆಗ್ತಿತ್ತು. ಕಲ್ಲಿನ ಮೇಲೆ ಎಲೆ ಬಿದ್ರೆ ಕಸ ಅಂತಾರೆ ಸಾಮಿ, ಮಣ್ಣಿನ ಮೇಲೆ ಬಿದ್ರೆ ಯಾರೂ ಏನೂ ಅನ್ನಾಕಿಲ್ಲ."

ಅಪ್ಪ ಅವರ ಮುಖವನ್ನೇ ನೋಡುತ್ತಾ ನಿಂತರು. ಈ ಪಾರ್ಕಿನಲ್ಲಿ ಸುಮಾರು 6 ಸಾವಿರ ಮರ ಇವೆ ಅಂತ ಲೆಕ್ಕ ಹೇಳುತ್ತಾರೆ. ಜಾಗ 100 ಎಕರೆಯಿಂದ 300 ಎಕರೆಗೆ ಬೆಳೆದಿದ್ದನ್ನು ಪುಸ್ತಕದಲ್ಲಿ ಬರೆದಿದ್ದಾರೆ. ನವೀಕರಣದ ಬಗ್ಗೆ ಪೇಪರಿನಲ್ಲಿ ಎಷ್ಟೋ ಓದಿದ್ದೇನೆ. ಆದರೆ ಮರದ ಬುಡಕ್ಕೂ ಕಲ್ಲಿಗೂ ನಡುವೆ ಎಷ್ಟು ಜಾಗ ಬಿಡಬೇಕು ಅನ್ನೋದನ್ನು ಆ ಅಮ್ಮನನ್ನು ಯಾರಾದರೂ ಒಂದು ಸಲ ಕೇಳಿದ್ದರೆ ಸಾಕಿತ್ತು. ನಕ್ಷೆ ಹಾಕುವವರು ನಡೆಯುವವರ ಕಾಲು ನೋಡುತ್ತಾರೆ, ಅದೂ ಗಟ್ಟಿ ಇರುವವರ ಕಾಲು. ಸಿಟ್ಟು ಬಂತು ನನಗೆ, ನಿಜವಾಗಿಯೂ ಬಂತು. ಆ ಕಲ್ಲನ್ನು ಕೈಯಾರೆ ಕಿತ್ತು ಹಾಕೋಣ ಅನ್ನಿಸಿತು.

ಅಪ್ಪನಿಗೆ ಮಾತ್ರ ಬೇರೆ ಯೋಚನೆ. "ಮಳೆಮರ ಎಲ್ಲಿದೆಯಮ್ಮಾ ಇಲ್ಲಿ? ದೊಡ್ಡದು. ಒಂದು ಕೊಂಬೆ ತೀರಾ ಕೆಳಗೆ ಬಂದಿತ್ತು."

"ಬೇಜಾನ್ ಅವೆ ಸಾಮಿ. ಯಾವುದು ಅಂತ ಹೇಳ್ಲಿ?" ಅಂದು, ಸ್ವಲ್ಪ ಯೋಚನೆ ಮಾಡಿ, ಬಲಗಡೆ ಕೈ ತೋರಿಸಿದರು.

ಹೋದೆವು. ಮರ ಇತ್ತು. ಕೆಳಗೆ ಕಲ್ಲಿರಲಿಲ್ಲ, ಮಣ್ಣು. ಮಣ್ಣಿನ ತುಂಬಾ ಕಪ್ಪಗೆ ಉದ್ದುದ್ದ ಕಾಯಿ ಬಿದ್ದಿದ್ದವು, ಕಾಲಿಟ್ಟರೆ ಚಪ್ಪಲಿಗೆ ಅಂಟು. ಅಪ್ಪ ಒಂದು ಕಾಯಿ ಕೊಡು ಅಂದರು. ಮುರಿದರೆ ಒಳಗೆ ಬೆಲ್ಲದ ಪಾಕದ ಥರ ಅಂಟಂಟು, ವಾಸನೆಯೂ ಹಾಗೇ ಸಿಹಿ. ಬೀಜ ಕಂದು, ನುಣುಪು. ಬೆರಳಿನಿಂದ ಬೆರಳಿಗೆ ದಾರದ ಹಾಗೆ ಎಳೆ ಬಂತು. ಅಪ್ಪ ಅದನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿಕೊಂಡರು. "ಪ್ಯಾಂಟಿಗೆ ಅಂಟಿಸಿಕೊಂಡು ಆಫೀಸಿಗೆ ಹೋಗ್ತಿದ್ವಿ. ಕುರ್ಚಿಗೆ ಇರುವೆ ಬರ್ತಿತ್ತು" ಅಂದರು. ಕೊಂಬೆ ಮಾತ್ರ ಕೆಳಗೆ ಇರಲಿಲ್ಲ. ಕೊಯ್ದ ಗುರುತು ಒಂದಿತ್ತು, ಹಳೇದು, ತೊಗಟೆ ಸುತ್ತಲೂ ಮುಚ್ಚಿಕೊಂಡು ಬಂದಿತ್ತು.

"ಇದೇನಾ ಅಪ್ಪ?"

"ಇದೇ ಇರ್ಬೇಕು" ಅಂದರು. ಅರ್ಧ ಗಂಟೆ ಕೂತೆವು. ನೆಲಕ್ಕೆ ಕೂರಿಸಲು ಧೈರ್ಯ ಬರಲಿಲ್ಲ, ಬೇರಿನ ಮೇಲೆ ನನ್ನ ಬ್ಯಾಗ್ ಇಟ್ಟು ಕೂರಿಸಿದೆ. ಎಲೆ ಸಂದಿಯಲ್ಲಿ ಕೆಂಪು ಗೋಡೆ ಕಾಣುತ್ತಿತ್ತು. ಅಪ್ಪ ಅದನ್ನೇ ನೋಡುತ್ತಿದ್ದರು. ನಾನು ಫೋಟೋ ತೆಗೆಯಲಿಲ್ಲ.

ವಾಪಸ್ ಬಂದಿದ್ದು, ಮಧ್ಯಾಹ್ನ, ಅಕ್ಕನ ಫೋನು, ಬಟ್ಟೆ ಇಸ್ತ್ರಿ, ಅದೆಲ್ಲಾ ಬರೆಯೋದಿಲ್ಲ.

ಈಗ ರಾತ್ರಿ ಅಪ್ಪನ ಕೋಲಿನ ತುದಿಯ ರಬ್ಬರಿಗೆ ಅಂಟಿದ್ದ ಕಾಯಿಯ ತಿರುಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಹೋಗುತ್ತಿಲ್ಲ. ಬಿಸಿನೀರು ಹಾಕಿದೆ. ಅಪ್ಪ ಬಾಗಿಲಲ್ಲಿ ಬಂದು ನಿಂತರು, ಕೋಲಿಲ್ಲದೆ, ಗೋಡೆ ಹಿಡಿದುಕೊಂಡು.

"ಅದು ಆ ಮರ ಅಲ್ಲ ಕಣೆ."

"ಕೆಂಪು ಗೋಡೆ ಕಾಣ್ತಿತ್ತಲ್ಲ ಅಪ್ಪ?"

"ಇವತ್ತು ಕಂಡಿದ್ದು ಹೈಕೋರ್ಟು. ನಮ್ಮ ಮರದಿಂದ ಕಾಣ್ತಿದ್ದಿದ್ದು ಲೈಬ್ರರಿ. ಶೇಷಾದ್ರಿ ಅಯ್ಯರ್ ಹಾಲು. ಅದೂ ಕೆಂಪು, ಇದೂ ಕೆಂಪು. ಊಟಕ್ಕೆ ಕೂತಾಗ ನೆನಪಾಯ್ತು."

ಇದೇ ಆ ಲೆಕ್ಕ. ಲೈಬ್ರರಿ ಇನ್ನೂ ಆಚೆ. ಅಂದ್ರೆ ಇನ್ನೂ ನಾಲ್ಕೈದು ಬೆಂಚು. ಮುಂದಿನ ಭಾನುವಾರ ಅಷ್ಟು ದೂರ ನಡೆಸಲಾರೆ. ಬುಧವಾರ ರಜೆ ಹಾಕಿದರೆ ಆಟೋ ಒಳಗಿನವರೆಗೂ ಹೋಗುತ್ತೆ, ಲೈಬ್ರರಿ ಹತ್ತಿರವೇ ಇಳಿಸಬಹುದು. ಗಾಡಿ ಬೇಡ ಅಂತ ಸಹಿ ಹಾಕಿದವಳು ಆಟೋದಲ್ಲಿ ಕೂತು ಒಳಗೆ ಹೋಗೋದಾ, ಅಪ್ಪನಿಗೋಸ್ಕರ ಒಂದು ಸಲ ಅಲ್ವಾ, ಆದರೆ ಒಂದು ಸಲ ಅಂತಲೇ ಎಲ್ಲರೂ... ಗೊತ್ತಿಲ್ಲ. ಮೊದಲು ರಜೆ ಸಿಗುತ್ತಾ ನೋಡಬೇಕು. ಈ ಅಂಟು ಇನ್ನೂ ಹೋಗಿಲ್ಲ, ಬಿಸಿನೀರು ಆರ್ತಿದೆ